ಟ್ಯೂಬಿಂಗನ್‌ನಂಥ ಊರಿಗೆ ಬರುವವರಿಗೆ: ಬೆಲ್ಲಿನ ಮೇಲೆ ಹೆಸರು ಅಂಟಿಸುವುದರಿಂದ ಶುರು ಮಾಡಿ

ಜರ್ಮನಿಯಲ್ಲಿ ಸೀಟೋ ಕೆಲಸವೋ ಸಿಕ್ಕವರು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಅದು ಸಿಟಿನಾ, ಹಳ್ಳಿನಾ ಅಕ್ಕಾ?" ಅಂತ. ನಾನು ಹಾಸನದವಳು. ಇಲ್ಲಿ ಟ್ಯೂಬಿಂಗನ್‌ನಲ್ಲಿ ಒಂದು ಲ್ಯಾಬ್‌ನಲ್ಲಿ ಕೆಲಸ. ಹಾಸನದವರಿಗೆ ಈ ಊರು ಚಿಕ್ಕದು ಅನಿಸುವುದಿಲ್ಲ. ಬೆಂಗಳೂರಿನವರಿಗೆ ಮಾತ್ರ ಬಂದ ವಾರವೇ ಗಾಬರಿ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ಇಡೀ ಜರ್ಮನಿಯಲ್ಲಿ ಹತ್ತು ಲಕ್ಷ ದಾಟಿದ ಊರು ನಾಲ್ಕೇ: ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್, ಕಲೋನ್. ನಾವು ದೊಡ್ಡ ಸಿಟಿ ಅಂದುಕೊಂಡಿರುವ ಸ್ಟುಟ್‌ಗಾರ್ಟ್ ಆರು ಲಕ್ಷದ ಆಸುಪಾಸು. ನಮ್ಮ ಹುಬ್ಬಳ್ಳಿ-ಧಾರವಾಡ 2011ರಲ್ಲೇ ಒಂಬತ್ತು ಲಕ್ಷ ದಾಟಿತ್ತು. ಇಲ್ಲಿ ಒಂದು ಲಕ್ಷ ಜನ ಆದರೆ ಸಾಕು, ಊರಿಗೆ 'ಗ್ರೋಸ್‌ಷ್ಟಾಟ್', ಅಂದರೆ ದೊಡ್ಡ ಊರು, ಅಂತ ಪಟ್ಟ. ಈ ಗೆರೆ ಎಳೆದಿದ್ದು 1887ರಲ್ಲಿ, ಅಂಕಿಅಂಶದವರ ಒಂದು ಅಂತರರಾಷ್ಟ್ರೀಯ ಸಭೆಯಲ್ಲಿ. ಇವತ್ತಿಗೂ ಅದೇ ನಡೆಯುತ್ತಿದೆ. ಅಂಥ ಊರುಗಳು ದೇಶದಲ್ಲಿ ಎಂಬತ್ತರಷ್ಟಿವೆ. 20,000ದಿಂದ ಒಂದು ಲಕ್ಷದವರೆಗೆ ಮಧ್ಯಮ ಊರು, ಅದಕ್ಕಿಂತ ಕೆಳಗೆ ಸಣ್ಣ ಊರು.

ಆ ಲೆಕ್ಕದಲ್ಲಿ ಸುಮಾರು 90,000 ಜನರ ಟ್ಯೂಬಿಂಗನ್ ಮಧ್ಯಮ ಊರು. ಪಕ್ಕದ ರಾಯ್ಟ್‌ಲಿಂಗನ್ ಲಕ್ಷ ದಾಟಿರುವುದರಿಂದ ಅದು ಗ್ರೋಸ್‌ಷ್ಟಾಟ್. ಆದರೆ ಶುಕ್ರವಾರ ರಾತ್ರಿ ಎರಡೂ ಊರಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾವುದು ದೊಡ್ಡ ಊರು ಅಂತ ನಿಮಗೇ ಅನುಮಾನ ಬರುತ್ತದೆ. ಇಲ್ಲಿ ಸುಮಾರು 28,000 ವಿದ್ಯಾರ್ಥಿಗಳಿದ್ದಾರೆ. ನೆಕ್ಕರ್ ನದಿಯ ಪಕ್ಕದ ಗೋಡೆಯ ಮೇಲೆ ಸಾಲಾಗಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಹಾಗಾಗಿ ಊರು ಆರಿಸುವಾಗ ಜನಸಂಖ್ಯೆಯ ಜೊತೆ ಇನ್ನೆರಡು ವಿಷಯ ನೋಡಿ. ಒಂದು, ಅಲ್ಲಿ ಇರುವವರು ಯಾರು? ವಿದ್ಯಾರ್ಥಿಗಳಾ, ಫ್ಯಾಕ್ಟರಿಯವರಾ, ರಿಟೈರ್ ಆದವರಾ? ಎರಡು, ಸ್ಟೇಷನ್‌ನಿಂದ ಕೊನೆಯ ರೈಲು ಎಷ್ಟು ಹೊತ್ತಿಗೆ? ಈ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಸಣ್ಣ ಊರಿನ ಬದುಕು ಹೇಗಿರುತ್ತದೆ ಅಂತ ನಿರ್ಧಾರ ಮಾಡುವುದು ಬಹುಪಾಲು ಅದೇ.

ಇನ್ನು ಇಲ್ಲಿ ಇಳಿದ ಮೇಲಿನ ಮಾತು.

ಮನೆ

ವಿದ್ಯಾರ್ಥಿ ಊರಿನಲ್ಲಿ ಮನೆ ಸಿಗುವುದು ಕಷ್ಟ. ಅಕ್ಟೋಬರ್‌ನಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುವ ಹೊತ್ತಿಗಂತೂ ಜಿಮ್ಮು, ಹಾಸ್ಟೆಲ್ಲು, ಗೆಳೆಯರ ಸೋಫಾ ಅಂತ ದಿನ ದೂಡುವವರಿದ್ದಾರೆ. 2023-24ರ ಹೊತ್ತಿಗೆ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರೇ ಎಲ್ಲರಿಗಿಂತ ಜಾಸ್ತಿ, ಸುಮಾರು 49,000. ಹೊಸದಾಗಿ ಬರುವವರು ಬಹಳ ಜನ ಸೆಪ್ಟೆಂಬರ್ ಕೊನೆಗೆ ಒಟ್ಟಿಗೇ ಹುಡುಕುತ್ತಾರೆ. ನೀವು ಜೂನ್‌ನಲ್ಲೇ ಶುರು ಮಾಡಿ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. 'ಕಾಲ್ಟ್' ಅಂದರೆ ಗೋಡೆ, ಮಾಡು, ಜಾಗಕ್ಕೆ ಮಾತ್ರ. 'ವಾರ್ಮ್' ಅಂದರೆ ಅದಕ್ಕೆ ಹೀಟಿಂಗ್, ನೀರು, ಕಸ, ಮೆಟ್ಟಿಲ ದೀಪ ಎಲ್ಲ ಸೇರಿ. ಕರೆಂಟು ಸಾಮಾನ್ಯವಾಗಿ ಅದರಲ್ಲೂ ಇರುವುದಿಲ್ಲ, ಬೇರೆ ಕರಾರು. ಎರಡು ರೂಮಿನ ಮನೆ ಅಂದರೆ ಹಾಲ್ ಸೇರಿ ಎರಡು. ನಮ್ಮ ಭಾಷೆಯಲ್ಲಿ ಅದು ಒಂದು ಬೆಡ್‌ರೂಮ್. ಅಡುಗೆಮನೆ ಇದೆ ಅಂದರೆ ಕೋಣೆ ಇದೆ ಅಂತ ಅರ್ಥ. ಸಿಂಕು, ಒಲೆ, ಕಪಾಟು ಇಲ್ಲದೆಯೂ ಇರಬಹುದು. ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. 'ಐನ್‌ಬೌಕ್ಯುಖೆ', ಅಂದರೆ ಎಲ್ಲ ಜೋಡಿಸಿದ ಅಡುಗೆಮನೆ, ಅಂತ ಜಾಹೀರಾತಿನಲ್ಲಿ ಇದೆಯಾ ನೋಡಿ. ಇಲ್ಲವಾದರೆ ಕೆಲವು ಸಾವಿರ ಯೂರೋ ಪಕ್ಕಕ್ಕಿಡಿ, ಅಥವಾ ಬಿಟ್ಟು ಹೋಗುವವರಿಂದ ಅವರ ಅಡುಗೆಮನೆಯನ್ನು ಕೊಂಡುಕೊಳ್ಳಿ.

ಡಿಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಒಳ್ಳೆಯ ಸುದ್ದಿಯೇ. ಮನೆ ನೋಡದೆ, ಕೀ ಕೈಗೆ ಬರದೆ ದುಡ್ಡು ಕಳಿಸಬೇಡಿ. "ನಾನು ಈಗ ಲಂಡನ್‌ನಲ್ಲಿದ್ದೀನಿ, ಕೀ ಕೊರಿಯರ್ ಮಾಡ್ತೀನಿ" ಅಂದ ಕ್ಷಣ ಫೋನ್ ಇಟ್ಟುಬಿಡಿ.

ಒಬ್ಬರೇ ಬರುತ್ತಿದ್ದರೆ 'ವೇಗೇ' ನೋಡಿ. ಮೂರು ನಾಲ್ಕು ಜನ ಒಂದು ಮನೆ ಹಂಚಿಕೊಂಡು ಇರುವುದು. ರೂಮಿಗಾಗಿ ನಿಮ್ಮನ್ನು ಅಡುಗೆಮನೆಯ ಟೇಬಲ್ಲಿನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಅಂಕಪಟ್ಟಿ ಯಾರಿಗೂ ಬೇಡ. ಅಡುಗೆ ಮಾಡ್ತೀಯಾ, ಪಾತ್ರೆ ತೊಳೀತೀಯಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯಾ, ಇಷ್ಟೇ ಪ್ರಶ್ನೆ. ಪಲಾವ್ ಮಾಡೋಕೆ ಬರುತ್ತೆ ಅಂತ ಹೇಳಿ, ಕೆಲಸ ಮಾಡುತ್ತದೆ.

ಬೆಲ್ಲು ಮತ್ತು ಅಂಚೆ ಡಬ್ಬಿ

ಇದಕ್ಕೆ ಬೇರೆ ತಲೆಬರಹ ಯಾಕೆ ಅಂತ ನಗಬೇಡಿ. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರು, ಊರು, ಅಷ್ಟೇ. ಆರು ಮನೆಯ ಕಟ್ಟಡದಲ್ಲಿ ನೀವು ಯಾವ ಮನೆ ಅಂತ ಪೋಸ್ಟ್‌ನವರಿಗೆ ಗೊತ್ತಾಗುವುದು ಡಬ್ಬಿಯ ಮೇಲಿನ ಹೆಸರಿನಿಂದ. ಹೆಸರಿಲ್ಲ ಅಂದರೆ ಕಾಗದ ವಾಪಸ್. ಬ್ಯಾಂಕ್ ಕಾರ್ಡು ಒಂದು ಕವರಿನಲ್ಲಿ, ಅದರ ಪಿನ್ ಇನ್ನೊಂದು ಕವರಿನಲ್ಲಿ, ಇನ್ಶೂರೆನ್ಸ್ ಕಾರ್ಡು ಮತ್ತೊಂದರಲ್ಲಿ. ಎಲ್ಲ ಕಾಗದದಲ್ಲೇ ಬರುತ್ತದೆ. ಆದ್ದರಿಂದ ಕೀ ಸಿಕ್ಕ ದಿನವೇ, ಪೆಟ್ಟಿಗೆ ಬಿಚ್ಚುವ ಮೊದಲೇ, ಬೆಲ್ಲಿಗೂ ಡಬ್ಬಿಗೂ ಹೆಸರು ಅಂಟಿಸಿ. ಸದ್ಯಕ್ಕೆ ಚೀಟಿ ಮತ್ತು ಟೇಪು ಸಾಕು.

ಯಾವ ಹೆಸರು? ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಇಲ್ಲೇ ತಲೆನೋವು. ನಮಗೆ ಸರ್‌ನೇಮ್ ಎಲ್ಲಿದೆ? ಊರು, ಅಪ್ಪನ ಹೆಸರು, ಎರಡು ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಒಂದು ಥರ, ಸರ್ಟಿಫಿಕೇಟಿನಲ್ಲಿ ಒಂದು ಥರ. ಇಲ್ಲಿನ ಫಾರಂಗಳು 'ಮನೆತನದ ಹೆಸರು' ಕೇಳದೆ ಬಿಡುವುದಿಲ್ಲ. ನನ್ನ ಸಲಹೆ: ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಅಕ್ಷರ, ಅದೇ ಕ್ರಮ. ಬಾಡಿಗೆ ಕರಾರು, ಬ್ಯಾಂಕು, ಬೆಲ್ಲು, ಎಲ್ಲೂ ಬದಲಾಯಿಸಬೇಡಿ. ಸಾಧ್ಯವಿದ್ದರೆ ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಂಡು ಬನ್ನಿ. ಗಂಡ ಹೆಂಡತಿಗೆ ಬೇರೆ ಬೇರೆ ಹೆಸರಿದ್ದರೆ ಡಬ್ಬಿಯ ಮೇಲೆ ಎರಡೂ ಇರಲಿ. ಅತ್ತೆ ಮಾವ ಮೂರು ತಿಂಗಳಿಗೆ ಬಂದರೆ, ಅವರಿಗೆ ಪಾರ್ಸೆಲ್ ಬರುವುದಿದ್ದರೆ, ಅವರ ಹೆಸರೂ.

ಲೆಕ್ಕಕ್ಕೆ ಸೇರುವುದು

ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ 'ನಾನು ಇಲ್ಲಿ ಇದ್ದೇನೆ' ಅಂತ ದಾಖಲಿಸಬೇಕು. ಇದೇ ಆನ್‌ಮೆಲ್ಡುಂಗ್. ಜರ್ಮನ್ ಪ್ರಜೆಗಳೂ ಮಾಡಬೇಕು, ಪಕ್ಕದ ಬೀದಿಗೆ ಹೋದರೂ ಮಾಡಬೇಕು. ಪಾಸ್‌ಪೋರ್ಟು, ತುಂಬಿದ ಫಾರಂ, ಮತ್ತು ಮನೆ ಮಾಲೀಕರು ಸಹಿ ಮಾಡಿದ ಒಂದು ಹಾಳೆ ಬೇಕು. ಆ ಹಾಳೆಯ ಹೆಸರು 'ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್'. ಉಚ್ಚರಿಸಲು ಬರದಿದ್ದರೆ ಚಿಂತೆಯಿಲ್ಲ, ಕೀ ಕೊಡುವ ದಿನವೇ ಸಹಿ ಹಾಕಿಸಿಕೊಳ್ಳಿ. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಎರಡು ವಾರದೊಳಗೆ 'ಟೆರ್ಮೀನ್', ಅಂದರೆ ಅಪಾಯಿಂಟ್‌ಮೆಂಟ್, ಸಿಗದೇ ಹೋಗಬಹುದು. ಬುಕ್ ಮಾಡಿದ ಮೇಲ್ ಇಟ್ಟುಕೊಂಡಿರಿ.

ಇದು ಸುಮ್ನೆ ಒಂದು ಕಾಗದ ಅಂದುಕೊಳ್ಳಬೇಡಿ. ಊರಿನ ಜನಸಂಖ್ಯೆ ಅನ್ನುವ ಅಂಕಿ ಹುಟ್ಟುವುದು ಬಹುಮಟ್ಟಿಗೆ ಈ ದಾಖಲೆಯಿಂದ. 2022ರ ಜನಗಣತಿಯಲ್ಲಿ ನಮ್ಮ ಹಾಗೆ ಮನೆಮನೆಗೂ ಹೋಗಿ ಎಲ್ಲರನ್ನೂ ಎಣಿಸಲಿಲ್ಲ. ಈ ದಾಖಲೆಗಳನ್ನು ತೆಗೆದುಕೊಂಡು, ಒಂದು ಭಾಗದ ಮನೆಗಳಿಗೆ ಮಾತ್ರ ಹೋಗಿ ತಾಳೆ ನೋಡಿದರು. ಸಿಕ್ಕಿದ್ದು 8.27 ಕೋಟಿ ಜನ. ಅಂದುಕೊಂಡದ್ದಕ್ಕಿಂತ ಸುಮಾರು 14 ಲಕ್ಷ ಕಡಿಮೆ! ದೇಶ ಬಿಟ್ಟು ಹೋಗುವಾಗ ಹೆಸರು ತೆಗೆಸದೆ ಹೋದವರು ಆ ವ್ಯತ್ಯಾಸದಲ್ಲಿ ಬಹಳ ಜನ. ತಲೆ ಲೆಕ್ಕದ ಮೇಲೆ ಊರಿಗೆ ರಾಜ್ಯದ ಹಣ ಬರುವುದರಿಂದ ಇದು ಬರೀ ಪುಸ್ತಕದ ತಪ್ಪಲ್ಲ. ಅಂಕಿ ಕಡಿಮೆ ಬಂದ ಊರುಗಳ ಮೇಯರ್‌ಗಳು ಸುಮ್ಮನಿರಲಿಲ್ಲ, ತಕರಾರು ತೆಗೆದರು.

ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಮಂಗಳೂರು ಕಡೆಯ ಕ್ರಿಶ್ಚಿಯನ್ ಗೆಳೆಯರು ಇಲ್ಲಿ ಸ್ವಲ್ಪ ನಿಂತು ಓದಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಅಂತ ಬರೆದರೆ ಚರ್ಚ್ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮತ್ತು ಪಕ್ಕದ ಬವೇರಿಯಾದಲ್ಲಿ ನಿಮ್ಮ ಆದಾಯ ತೆರಿಗೆಯ ಮೇಲೆ ಶೇ. 8, ಬೇರೆ ರಾಜ್ಯಗಳಲ್ಲಿ ಶೇ. 9. ಕೊಡಿ, ಬಿಡಿ ಅಂತ ನಾನು ಹೇಳುವುದಿಲ್ಲ. ಗೊತ್ತಿದ್ದು ಬರೆಯಿರಿ, ಅಷ್ಟೇ. ಮಿಕ್ಕವರಿಗೆ ಈ ಕಾಲಂ ದೊಡ್ಡ ವಿಷಯವಲ್ಲ.

ಹೆಸರು ಸೇರಿದ ಕೆಲವು ವಾರಕ್ಕೆ ಡಬ್ಬಿಗೆ ಎರಡು ಕಾಗದ ಬರುತ್ತವೆ. ಒಂದರಲ್ಲಿ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ. ಅದನ್ನು ಜೀವಮಾನವಿಡೀ ಇಟ್ಟುಕೊಳ್ಳಿ. ಇನ್ನೊಂದು ರೇಡಿಯೋ-ಟಿವಿ ಶುಲ್ಕ. ತಿಂಗಳಿಗೆ 18.36 ಯೂರೋ ಅಂತ 2021ರಿಂದ ಇದೆ. "ನಮ್ಮನೇಲಿ ಟಿವಿನೇ ಇಲ್ಲ" ಅನ್ನುವ ವಾದ ನಡೆಯುವುದಿಲ್ಲ, ಮನೆ ಇದ್ದರೆ ಕೊಡಬೇಕು. ಆದರೆ ಮನೆಗೆ ಒಂದೇ. ವೇಗೇಯಲ್ಲಿ ನಾಲ್ಕು ಜನ ಇದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಿ. ಉಳಿದ ಮೂವರು ಕಟ್ಟುವವರ ನಂಬರನ್ನು ಬರೆದು ಉತ್ತರ ಕಳಿಸಬೇಕು. ಕಾಗದವನ್ನು ಡ್ರಾಯರಿನಲ್ಲಿ ಹಾಕಿ ಮರೆತವರಿಗೆ ದಂಡ ಸೇರಿ ಬಂದದ್ದನ್ನು ನೋಡಿದ್ದೇನೆ.

ಮೆಟ್ಟಿಲು, ಕಿಟಕಿ, ಕಸ

ನಾನಿರುವುದು ಸ್ಯೂಡ್‌ಷ್ಟಾಟ್ ಕಡೆ, ಅಂದರೆ ಊರಿನ ದಕ್ಷಿಣ ಭಾಗ. ಫ್ರೆಂಚ್ ಸೈನ್ಯ 1991ರಲ್ಲಿ ಖಾಲಿ ಮಾಡಿದ ಬ್ಯಾರಕ್ಕುಗಳಿದ್ದ ಜಾಗವನ್ನು ಊರಿನವರು ಬಡಾವಣೆ ಮಾಡಿದ್ದು ಇಲ್ಲೇ. ಮೇಲೆ ಮನೆ, ಕೆಳಗೆ ಸೈಕಲ್ ರಿಪೇರಿ, ಬೇಕರಿ, ಶಿಶುವಿಹಾರ. ಕಾರುಗಳನ್ನು ಬಡಾವಣೆಯ ಅಂಚಿನಲ್ಲಿ ನಿಲ್ಲಿಸಬೇಕು. ಮಕ್ಕಳು ಬೀದಿಯಲ್ಲೇ ಆಡುತ್ತವೆ.

ಒಂದು ಸೋಮವಾರ ನಿಮ್ಮ ಬಾಗಿಲ ಹಿಡಿಗೆ ಒಂದು ಪುಟ್ಟ ಫಲಕ ನೇತಾಡುತ್ತಿರುತ್ತದೆ: 'ಕೇರ್‌ವೋಖೆ'. ಈ ವಾರ ಗುಡಿಸುವ ಸರದಿ ನಿಮ್ಮದು ಅಂತ. ಶ್ವಾಬಿಯಾದವರಿಗೆ, ಅಂದರೆ ಸ್ಟುಟ್‌ಗಾರ್ಟ್, ಟ್ಯೂಬಿಂಗನ್ ಸುತ್ತಲಿನವರಿಗೆ, ಇದು ವ್ರತ ಇದ್ದ ಹಾಗೆ. ಬೇರು 15ನೇ ಶತಮಾನದವರೆಗೆ ಹೋಗುತ್ತದಂತೆ. ಮೆಟ್ಟಿಲು ಒರೆಸಬೇಕು, ಮುಂದಿನ ಕಾಲುದಾರಿ ಗುಡಿಸಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಜನ ಓಡಾಡುವ ಮೊದಲೇ ಎದ್ದು ಎಳೆದು ಉಪ್ಪೋ ಜಲ್ಲಿಯೋ ಹಾಕಬೇಕು. ಯಾರಾದರೂ ಜಾರಿ ಬಿದ್ದರೆ ಹೊಣೆ ನಿಮ್ಮ ತಲೆಗೆ ಬರಬಹುದು. ಮುಗಿದ ಮೇಲೆ ಫಲಕವನ್ನು ಪಕ್ಕದ ಮನೆಯ ಬಾಗಿಲಿಗೆ ಹಾಕಿ.

ನಮ್ಮವರು ಕೆಲವರಿಗೆ ಇದು ಅವಮಾನ ಅನಿಸುತ್ತದೆ. "ಇಂಜಿನಿಯರ್ ಆಗಿ ಮೆಟ್ಟಿಲು ಒರೆಸಬೇಕಾ?" ನಮ್ಮ ಕಟ್ಟಡದಲ್ಲಿ ಒಬ್ಬ ಜಡ್ಜ್ ಇದ್ದಾರೆ. ಅವರೂ ಬಕೆಟ್ ಹಿಡಿದು ಬರುತ್ತಾರೆ. ನನ್ನ ಮಟ್ಟಿಗೆ ಜರ್ಮನ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒರೆಸಿ. ಎಲ್ಲರೂ ಹತ್ತಿ ಇಳಿಯುವ ಸಮಯ ಅದು. ಕೆಳಗಿನ ಮನೆಯ ಅಜ್ಜಿ ನಿಂತು ಹವೆ, ಮೊಮ್ಮಗ, ಮೊಣಕಾಲು, ಎಲ್ಲ ಹೇಳುತ್ತಾರೆ. ಅವರ ಶ್ವೇಬಿಷ್, ಅಂದರೆ ಶ್ವಾಬಿಯಾದ ಆಡುಮಾತು, ಅರ್ಥವಾದರೆ ಟಿವಿ ಜರ್ಮನ್ ನೀರು ಕುಡಿದಷ್ಟು ಸುಲಭ.

ಕಿಟಕಿ. ಇಲ್ಲಿನ ಮನೆಗಳು ಗಾಳಿ ಹೋಗದ ಹಾಗೆ ಬಿಗಿ. ನಾವು ಕುಕ್ಕರ್ ಕೂಗಿಸಿ, ಸಾರು ಕುದಿಸಿ, ಬಟ್ಟೆಯನ್ನು ಒಳಗೇ ಒಣಗಿಸುತ್ತೇವೆ. ಆ ಹಬೆ ಎಲ್ಲಿ ಹೋಗಬೇಕು? ಹೊರಗೋಡೆಯ ತಣ್ಣನೆ ಮೂಲೆಗೆ ಹೋಗಿ ನೀರಾಗುತ್ತದೆ, ಅಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಬಾಡಿಗೆದಾರ ಮತ್ತು ಮಾಲೀಕರ ಜಗಳದಲ್ಲಿ ಈ ಬೂಷ್ಟಿಗೆ ದೊಡ್ಡ ಪಾಲು. ಮಾಡಬೇಕಾದ್ದು ಇಷ್ಟು: ದಿನಕ್ಕೆ ಎರಡು ಮೂರು ಸಲ ಹೀಟರ್ ತಿರುಗಿಸಿ ನಿಲ್ಲಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಬಿಡಿ. ಹೊರಗೆ ಸೊನ್ನೆ ಡಿಗ್ರಿ ಇದ್ದರೂ ಸರಿ. ಕಿಟಕಿಯನ್ನು ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಜಾಸ್ತಿಯಾಗುತ್ತದೆ, ಹೀಟಿಂಗ್ ಬಿಲ್ಲೂ ಏರುತ್ತದೆ. ಕಪಾಟನ್ನು ಹೊರಗೋಡೆಗೆ ಅಂಟಿಸಿ ಇಡಬೇಡಿ. ಹೀಟರ್ ಗುಂಡಿಯ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುತ್ತದೆ ಅನ್ನುವುದು ನಂಬಿಕೆ ಅಷ್ಟೇ.

ಬಾಗಿಲು ಎಳೆದುಕೊಂಡರೆ ಹೊರಗಿನಿಂದ ತೆರೆಯುವುದಿಲ್ಲ. ಹಿಡಿ ಇರುತ್ತದೆ, ತಿರುಗುವುದಿಲ್ಲ. ಕಸ ಹಾಕಲು ಚಪ್ಪಲಿಯಲ್ಲಿ ಇಳಿಯುವಾಗಲೂ ಕೀ ಜೇಬಿನಲ್ಲಿರಲಿ. ಭಾನುವಾರ ರಾತ್ರಿ ಬೀಗ ತೆಗೆಯುವವರನ್ನು ಕರೆದರೆ ಬಾಡಿಗೆಯ ಒಂದು ಭಾಗವೇ ಹೋಗುತ್ತದೆ. ನಂಬಿಕೆಯ ಗೆಳೆಯರ ಮನೆಯಲ್ಲಿ ಇನ್ನೊಂದು ಕೀ ಇಡಿ. 'ಹಾಫ್ಟ್‌ಪ್ಫ್ಲಿಖ್ಟ್' ಇನ್ಶೂರೆನ್ಸ್ ಮಾಡಿಸಿ, ನಿಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವಂಥದ್ದು. ವರ್ಷಕ್ಕೆ ದೊಡ್ಡ ಮೊತ್ತವಲ್ಲ. ಕೀ ಕಳೆದು ಇಡೀ ಕಟ್ಟಡದ ಬೀಗ ಬದಲಾಯಿಸಬೇಕಾದರೆ ಆಗ ಅದರ ಬೆಲೆ ಗೊತ್ತಾಗುತ್ತದೆ. ಕೀ ಕಳೆಯುವುದೂ ಅದರಲ್ಲಿ ಸೇರಿದೆಯಾ ಅಂತ ಮಾತ್ರ ನೋಡಿ ಸಹಿ ಹಾಕಿ.

ಕಸದ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರಿಸುತ್ತಾರೆ. ತರಕಾರಿ ಸಿಪ್ಪೆ ಒಂದಕ್ಕೆ, ಕಾಗದ ಒಂದಕ್ಕೆ, ಪ್ಯಾಕಿಂಗ್ ಪ್ಲಾಸ್ಟಿಕ್ ಹಳದಿಗೆ, ಉಳಿದದ್ದು ಕಪ್ಪಿಗೆ. ಊರಿನ ಕಸದ ಕ್ಯಾಲೆಂಡರನ್ನು ಫ್ರಿಜ್ಜಿಗೆ ಅಂಟಿಸಿ, ಹಿಂದಿನ ರಾತ್ರಿ ಡಬ್ಬಿ ಬೀದಿಗೆ ಎಳೆಯಿರಿ. ಗಾಜಿನ ಬಾಟಲಿ ಮಾತ್ರ ಬೀದಿ ಮೂಲೆಯ ದೊಡ್ಡ ಡಬ್ಬಿಗೆ, ಬಿಳಿ, ಹಸಿರು, ಕಂದು ಬಣ್ಣ ನೋಡಿ. ಅದೂ ರಾತ್ರಿ ಮತ್ತು ಭಾನುವಾರ ಬೇಡ, ಸದ್ದಾಗುತ್ತದೆ. ನೀರು, ಕೋಲಾದ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನ್ ಎಸೆಯಬೇಡಿ. ಒಂದೊಂದಕ್ಕೂ ಸಾಮಾನ್ಯವಾಗಿ 25 ಸೆಂಟ್ ಪ್ಫಾಂಡ್, ಅಂದರೆ ಬಾಟಲಿಯ ಡಿಪಾಸಿಟ್, ಕೊಟ್ಟಿರುತ್ತೀರಿ. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿ ಚೀಟಿ ತಗೊಳ್ಳಿ. ಬಿಯರಿನ ಗಾಜಿನ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್. ರಸ್ತೆಯಲ್ಲಿ ಖಾಲಿಯಾದರೆ ಕಸದ ಬುಟ್ಟಿಯ ಪಕ್ಕ ನಿಲ್ಲಿಸಿ ಹೋಗಿ, ಆಯ್ದುಕೊಳ್ಳುವವರು ಕೈ ಹಾಕಿ ಹುಡುಕುವುದು ತಪ್ಪುತ್ತದೆ.

ಟ್ಯೂಬಿಂಗನ್‌ನಲ್ಲಿ ಇನ್ನೊಂದು ವಿಶೇಷ. 2022ರಿಂದ ಬಿಸಾಡುವ ಕಪ್ಪು, ತಟ್ಟೆಗೆ 50 ಸೆಂಟ್, ಚಮಚಕ್ಕೆ 20 ಸೆಂಟ್ ಊರಿನ ತೆರಿಗೆ. ಒಂದು ಬರ್ಗರ್ ಅಂಗಡಿಯವರು ಕೋರ್ಟಿಗೆ ಹೋದರು. ದೇಶದ ಸಂವಿಧಾನ ನ್ಯಾಯಾಲಯ 2025ರ ಜನವರಿಯಲ್ಲಿ ಊರಿನ ಪರವಾಗಿಯೇ ತೀರ್ಪು ಪ್ರಕಟಿಸಿತು. ಹಾಗಾಗಿ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ಹೇಗೂ ಅಮ್ಮ ಕಟ್ಟಿ ಕಳಿಸಿರುತ್ತಾರೆ, ಅಲ್ವಾ.

ವಾರದ ಲಯ

ಶನಿವಾರ ಸಂಜೆ ಫ್ರಿಜ್ ತೆರೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಭಾನುವಾರ ಅಂಗಡಿ ಇಲ್ಲ. ಭಾನುವಾರದ ಬಿಡುವಿಗೆ 1919ರ ವೈಮಾರ್ ಸಂವಿಧಾನದಲ್ಲೇ ರಕ್ಷಣೆ ಇತ್ತು. ಈಗಿನ ಸಂವಿಧಾನ ಆ ಕಲಮನ್ನು ಹಾಗೇ ಉಳಿಸಿಕೊಂಡಿದೆ. ಬೇಕರಿ ಬೆಳಿಗ್ಗೆ ಸ್ವಲ್ಪ ಹೊತ್ತು, ಪೆಟ್ರೋಲ್ ಬಂಕು, ದೊಡ್ಡ ಸ್ಟೇಷನ್ನಿನ ಅಂಗಡಿ, ಇಷ್ಟೇ ಗತಿ. ವಾರದ ದಿನ ಇಲ್ಲಿನ ನಮ್ಮ ರಾಜ್ಯದಲ್ಲಿ ಸೂಪರ್ ಮಾರ್ಕೆಟ್ ರಾತ್ರಿ 10ರವರೆಗೂ ಇರುವುದುಂಟು. ಪಕ್ಕದ ಬವೇರಿಯಾದಲ್ಲಿ 8ಕ್ಕೇ ಬಾಗಿಲು. ಈಸ್ಟರ್ ಹೊತ್ತಿಗೆ ಶುಕ್ರವಾರ, ಭಾನುವಾರ, ಸೋಮವಾರ ರಜೆ. ನಡುವಿನ ಶನಿವಾರ ಅಂಗಡಿಯಲ್ಲಿ ಯುದ್ಧ ಬಂದ ಹಾಗೆ ಜನ.

ಭಾನುವಾರ ಸದ್ದೂ ಇಲ್ಲ. ಡ್ರಿಲ್ ಬೇಡ, ಗೋಡೆಗೆ ಮೊಳೆ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6 ದಿನಾಲೂ ಮೌನದ ಹೊತ್ತು. ನಮ್ಮ ಮಿಕ್ಸಿ ಇಲ್ಲಿಯವರ ಕಿವಿಗೆ ಡ್ರಿಲ್ಲಿಗಿಂತ ಕಡಿಮೆಯೇನಲ್ಲ. ದೋಸೆ ಹಿಟ್ಟು ಶನಿವಾರ ಮಧ್ಯಾಹ್ನ ರುಬ್ಬಿ, ಮಿಕ್ಸಿ ಕೆಳಗೆ ದಪ್ಪ ಟವೆಲ್ ಹಾಕಿ. ಹಿಟ್ಟು ಹುದುಗುವುದಕ್ಕೆ ಓವನ್ ಒಳಗಿಟ್ಟು ದೀಪ ಮಾತ್ರ ಹಚ್ಚಿ. ಭಾನುವಾರ ಬೆಳಿಗ್ಗೆ ಉಬ್ಬಿರುತ್ತದೆ. ನೆರೆಯವರಿಗೆ ಎರಡು ದೋಸೆ ಕೊಟ್ಟರೆ ಮುಂದಿನ ಸಲ ಮಿಕ್ಸಿ ಸದ್ದು ಅಷ್ಟು ಜೋರಾಗಿ ಕೇಳಿಸುವುದಿಲ್ಲ.

ಸಾಮಾನು ಸಿಗದು ಅಂತ ಎರಡು ಸೂಟ್‌ಕೇಸ್ ತುಂಬ ತರಬೇಡಿ. ಉಪ್ಪಿಟ್ಟಿಗೆ 'ಹಾರ್ಟ್‌ವೈಟ್ಸೆನ್‌ಗ್ರೀಸ್' ಎಂಬ ರವೆ ತಗೊಳ್ಳಿ. 'ವೈಖ್‌ವೈಟ್ಸೆನ್' ತಗೊಂಡರೆ ಅಂಟಂಟು, ಅದು ಕೇಸರಿಬಾತಿಗೆ ಆದೀತು. ನವಿಲುಕೋಸು ಇಲ್ಲಿನವರ ದಿನನಿತ್ಯದ ತರಕಾರಿ. ಕೊತ್ತಂಬರಿ ಕಟ್ಟು, ಬೆಂಡೆಕಾಯಿ ಟರ್ಕಿಯವರ ಅಂಗಡಿಯಲ್ಲಿ. ಕರಿಬೇವು, ತುರಿದ ತೆಂಗಿನಕಾಯಿ ಏಷ್ಯಾ ಅಂಗಡಿಯ ಫ್ರೀಜರಿನಲ್ಲಿ. ಊರ ನಡುವಿನ ಮಾರುಕಟ್ಟೆ ಚೌಕದಲ್ಲಿ, 1511ರ ಖಗೋಳ ಗಡಿಯಾರ ಇರುವ ಟೌನ್‌ಹಾಲ್ ಮುಂದೆ, ಬೆಳಗಿನ ಸಂತೆ ಸೇರುತ್ತದೆ. ಬೆಲೆ ಚೌಕಾಸಿ ಇಲ್ಲ. ಕೈಯಿಂದ ಆರಿಸಬೇಡಿ, ತೋರಿಸಿ, ಅವರೇ ತೆಗೆದು ಕೊಡುತ್ತಾರೆ. ಹೋಟೆಲಿನಲ್ಲಿ ಸಸ್ಯಾಹಾರಿಗಳಿಗೆ 'ಲಿನ್ಸೆನ್ ಮಿಟ್ ಷ್ಪೇಟ್ಸ್‌ಲೆ', ಅಂದರೆ ಕಾಳಿನ ಗೊಜ್ಜು ಮತ್ತು ಹಿಟ್ಟಿನ ಶಾವಿಗೆಯಂಥದ್ದು. ಸಾಸೇಜ್ ಬೇಡ ಅಂತಲೂ, ಕಾಳಿನಲ್ಲಿ ಹಂದಿಮಾಂಸದ ಚೂರು ಇದೆಯಾ ಅಂತಲೂ ಮೊದಲೇ ಕೇಳಿ.

ಓಡಾಟಕ್ಕೆ ಸೈಕಲ್ಲು. ಹಳೆಯ ಊರು ಗುಡ್ಡದ ಮೇಲಿದೆ, ಬೀದಿಗಳಿಗೆ ಕಲ್ಲು ಹಾಸಿದೆ, ಗೇರ್ ಇರುವುದೇ ತಗೊಳ್ಳಿ. ಮುಂದೆ ಹಿಂದೆ ದೀಪ ಬೇಕೇ ಬೇಕು. ನವೆಂಬರ್ ಸಂಜೆ ಪೊಲೀಸರು ನಿಲ್ಲಿಸಿ ನೋಡುತ್ತಾರೆ. ದೂರಕ್ಕೆ ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರಿಂದ 63. ದೇಶದ ಎಲ್ಲ ಊರ ಬಸ್ಸು, ಟ್ರಾಮು, ಲೋಕಲ್ ರೈಲಿಗೆ ನಡೆಯುತ್ತದೆ, ವೇಗದ ಐಸಿಇ ರೈಲಿಗೆ ಇಲ್ಲ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಟ್ಟಬೇಕು. ಊರಿಗೆ ರಜೆಗೆ ಹೊರಡುವವರು ಇದನ್ನು ಮರೆಯುತ್ತಾರೆ.

ಆರೋಗ್ಯ ಕೆಟ್ಟರೆ ನಂಬರು ಮೂರು. ಜೀವಕ್ಕೆ ಅಪಾಯ, ಬೆಂಕಿ ಅಂದರೆ 112. ಪೊಲೀಸ್ 110. ರಾತ್ರಿ ಜ್ವರ ಬಂದು ಡಾಕ್ಟರ್ ಬೇಕು, ಆದರೆ ಆಂಬುಲೆನ್ಸ್ ಬೇಕಾಗುವಷ್ಟಲ್ಲ ಅಂದರೆ 116117. ಆರೋಗ್ಯ ಚೆನ್ನಾಗಿರುವಾಗಲೇ ಒಬ್ಬ ಮನೆ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ. ಪ್ಯಾರಾಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಸೂಪರ್ ಮಾರ್ಕೆಟ್ಟಿನಲ್ಲಿಲ್ಲ.

ಜನ

ಜರ್ಮನಿಯಲ್ಲಿ ಐವರಲ್ಲಿ ಒಬ್ಬರು ಒಂಟಿಯಾಗಿ ಬದುಕುತ್ತಾರೆ. ಎಲ್ಲರಿಗೂ ಅದು ದುಃಖ ಅಂತಲ್ಲ, ಆದರೆ ಸುಮ್ಮನೆ ಬಾಗಿಲು ತಟ್ಟಿ ಒಳಗೆ ಬರುವ ಪದ್ಧತಿ ಇಲ್ಲ. ನಮಗೆ ಚಳಿಗಿಂತ ಇದೇ ಜಾಸ್ತಿ ಕೊರೆಯುವುದು. ಜನ ಸೇರುವುದು 'ಫೆರೈನ್'ಗಳಲ್ಲಿ. ದೇಶದಲ್ಲಿ ನೋಂದಾಯಿಸಿದ ಸಂಘಗಳೇ ಆರು ಲಕ್ಷಕ್ಕಿಂತ ಜಾಸ್ತಿ. ಹಾಡುವವರದ್ದು, ಚೆಸ್ಸಿನವರದ್ದು, ಮೊಲ ಸಾಕುವವರದ್ದೂ ಇದೆ. ಒಂದಕ್ಕೆ ಸೇರಿ. ಭಾಷೆ ಬರದಿದ್ದರೆ ಆಟದ್ದಕ್ಕೆ ಸೇರಿ. ಸುಮ್ನೆ ಚಂದಾ ಕಟ್ಟಿ ಕೂರಬೇಡಿ. ಬೇಸಿಗೆ ಹಬ್ಬದಲ್ಲಿ ಕೇಕ್ ಮಾರುವ ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ, ಅದರಲ್ಲಿ ಹೆಸರು ಬರೆಯಿರಿ. ಎರಡು ಗಂಟೆ ಕೌಂಟರಿನಲ್ಲಿ ಒಟ್ಟಿಗೆ ನಿಂತವರು ಮುಂದೆ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಭಾಷೆಗೆ ಊರಿನ 'ಫೋಲ್ಕ್ಸ್‌ಹೋಖ್‌ಶೂಲೆ', ಅಂದರೆ ದೊಡ್ಡವರಿಗೆ ಪಾಠ ಹೇಳುವ ಶಾಲೆ, ಇದೆ. ಸಂಜೆ ಪಾಠ, ಶುಲ್ಕವೂ ಕೈಗೆಟಕುವಷ್ಟು.

ಜೂನ್ ಹೊತ್ತಿಗೆ, ಫ್ರೋನ್‌ಲೈಖ್‌ನಾಮ್ ಅನ್ನುವ ಕ್ಯಾಥೊಲಿಕ್ ಹಬ್ಬದ ರಜೆಯ ದಿನ, ನೆಕ್ಕರ್‌ನಲ್ಲಿ ವಿದ್ಯಾರ್ಥಿಗಳು ಉದ್ದ ಗಳ ಊರಿ ದೋಣಿ ಓಡಿಸುವ ಪಂದ್ಯ ನಡೆಯುತ್ತದೆ. ಸೋತವರು ಎಲ್ಲರ ಮುಂದೆ ಮೀನೆಣ್ಣೆ ಕುಡಿಯಬೇಕು. ಬೇಗ ಹೋಗಿ ಜಾಗ ಹಿಡಿಯಿರಿ.

ಕನ್ನಡ ಕೇಳಬೇಕು ಅನಿಸಿದರೆ ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟ ಇದೆ, ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ ಇದೆ. ಟ್ಯೂಬಿಂಗನ್‌ನಲ್ಲಿ ನಾವು ಕೆಲವೇ ಜನ. ಆದರೆ ಈ ಊರಿಗೆ ಕನ್ನಡ ಹೊಸದಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿ. ನಿಘಂಟಿನ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇಲ್ಲಿನ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಅಕ್ಕಪಕ್ಕದವರು "ನಿನ್ನ ಭಾಷೆ ಯಾವುದು, ಹಿಂದಿನಾ?" ಅಂದಾಗ ಈ ಕಥೆ ಹೇಳಿ. ಅವರಿಗೂ ಗೊತ್ತಿರುವುದಿಲ್ಲ.

ಬಿಡುವಾಗ

ಬಾಡಿಗೆ ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್, ಕಾಗದದಲ್ಲಿ, ಸಹಿ ಹಾಕಿ. ವಾಟ್ಸಾಪ್ ಮೆಸೇಜು ನೋಟಿಸ್ ಅಲ್ಲ. ಜರ್ಮನಿಯೊಳಗೇ ಊರು ಬದಲಾಯಿಸಿದರೆ ಹೊಸ ಊರಿನಲ್ಲಿ ಹೆಸರು ಸೇರಿಸಿದರೆ ಸಾಕು, ಹಳೆಯದು ತಾನೇ ಹೋಗುತ್ತದೆ. ದೇಶವನ್ನೇ ಬಿಡುವುದಾದರೆ 'ಆಬ್‌ಮೆಲ್ಡುಂಗ್' ಮಾಡಲೇಬೇಕು. ಹೊರಡುವ ಒಂದು ವಾರ ಮುಂಚಿನಿಂದ ಮಾಡಬಹುದು, ಬಿಟ್ಟ ಎರಡು ವಾರದೊಳಗೆ ಮುಗಿಯಬೇಕು. ಆ ಕಾಗದದ ಪ್ರತಿ ಕೈಯಲ್ಲಿದ್ದರೆ ರೇಡಿಯೋ ಶುಲ್ಕ, ಇಂಟರ್ನೆಟ್, ಇನ್ಶೂರೆನ್ಸ್ ನಿಲ್ಲಿಸುವುದು ಸುಲಭ.

ಮನೆ ಒಪ್ಪಿಸುವಾಗ ಮಾಲೀಕರ ಜೊತೆ ಕೋಣೆ ಕೋಣೆಯೂ ನೋಡಿ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. ಕರೆಂಟು, ನೀರು, ಹೀಟರಿನ ಮೀಟರ್ ಅಂಕಿಗಳ ಫೋಟೋ ತೆಗೆದುಕೊಳ್ಳಿ. ಕೀ ಎಷ್ಟು ಕೊಟ್ಟಿರಿ ಅಂತ ಬರೆಸಿ. ಡಿಪಾಸಿಟ್ ಪೂರ್ತಿ ಅದೇ ದಿನ ಕೈಗೆ ಬರುತ್ತದೆ ಅಂತ ಟಿಕೆಟ್ ಬುಕ್ ಮಾಡಬೇಡಿ. ಹೀಟಿಂಗ್, ನೀರಿನ ವರ್ಷದ ಲೆಕ್ಕ ಆಗುವವರೆಗೆ ಒಂದು ಪಾಲು ಹಿಡಿದಿಟ್ಟುಕೊಳ್ಳುವುದು ಮಾಮೂಲಿ. ಲೆಕ್ಕದ ವರ್ಷ ಮುಗಿದ ಮೇಲೆ ಅದನ್ನು ಕಳಿಸಲು ಅವರಿಗೆ ಹನ್ನೆರಡು ತಿಂಗಳು ಸಮಯ ಇದೆ. ಆದ್ದರಿಂದ ಜರ್ಮನ್ ಬ್ಯಾಂಕ್ ಖಾತೆಯನ್ನು ಆಗಲೇ ಮುಚ್ಚಬೇಡಿ. ಊರಿನ ವಿಳಾಸವನ್ನು ಪಿನ್‌ಕೋಡ್ ಸಮೇತ ಇಂಗ್ಲಿಷ್‌ನಲ್ಲಿ ಬರೆದು ಮಾಲೀಕರಿಗೆ ಕೊಟ್ಟು ಬನ್ನಿ.